ಶಾಂಭವಿಯ ಮೂರು ವರ್ಷ

ಅಮೃತಾಪುರ,
ಸೋಮವಾರ

ತರೀಕೆರೆಯ ಟೈಪಿಂಗ್ ಅಂಗಡಿ ಕಲ್ಲೇಶನಿಗೆ,

ನನ್ನ ಸೊಸೆ ಶಾಂಭವಿ ಆಸ್ಪತ್ರೆ ಕೆಲಸಕ್ಕೆಂದು ನಿನ್ನ ಹತ್ತಿರ ಮಾಡಿಸಿದ ರೆಸ್ಯೂಮೆಯನ್ನು ಓದಿಸಿಕೊಂಡು ಕೇಳಿದೆ. ಕಳೆದ ಮೂರು ವರ್ಷದ ಮುಂದೆ 'ಕೆಲಸವಿಲ್ಲ' ಎಂದು ಹಾಕಿದ್ದೀಯಲ್ಲ, ಬುದ್ಧಿ ಇದೆಯೇನಯ್ಯಾ ನಿನಗೆ? ಲಕ್ವ ಹೊಡೆದು ಮಲಗಿದ್ದ ನನ್ನ ಹೆಂಡತಿ ತೀರ್ಥಮ್ಮನನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದವಳು ಅವಳು. ಹೋದ ತಿಂಗಳು ತೀರ್ಥಮ್ಮ ತೀರಿಕೊಂಡಾಗಲೂ ಅವಳ ಬೆನ್ನ ಮೇಲೆ ಒಂದು ಹುಣ್ಣಿರಲಿಲ್ಲ. ಅದನ್ನು ಬರಿ.

'ವೈಯಕ್ತಿಕ ಕಾರಣಕ್ಕೆ ನರ್ಸ್ ಕೆಲಸ ಬಿಟ್ಟರು' ಎಂದೂ ಇದೆ. ಸುಳ್ಳು. ಬಿಡಿಸಿದವನು ನಾನು. ಮಾವ ಬಿಡಿಸಿದ ಎಂದೇ ಹಾಕು.

ವಿಚಾರಿಸುವುದಕ್ಕೆ ಯಾರದಾದರೂ ಹೆಸರು ಕೇಳುತ್ತಾರಂತೆ. ನನ್ನ ಫೋನ್ ನಂಬರ್ ಕೊಡು. ಇಷ್ಟು ಚೆನ್ನಾಗಿ ನೋಡಿಕೊಳ್ಳುವವಳು ಬೇರೆ ಸಿಗಲ್ಲ ಎಂದು ಹೇಳುತ್ತೇನೆ. ಶಾಂಭವಿಗೆ ಮಾತ್ರ ಈ ಮಾತನ್ನು ಇನ್ನೂ ಹೇಳಿಲ್ಲ.

ಇಂತಿ,
ಓಂಕಾರಮೂರ್ತಿ