ಕಂಪ್ಯೂಟರಿನ ಹೊದಿಕೆ

ರುಹೀನಾ,

ಇಂದು ಹನ್ನೊಂದು ಗಂಟೆಗೆ ನಿನ್ನ ಆನ್‌ಲೈನ್ ಸಂದರ್ಶನದ ನಡುವೆ ಕಂಪ್ಯೂಟರ್ ಮೊದಲಿನಂತೆ ತಾನಾಗಿ ಆರಿಹೋಗುವುದಿಲ್ಲ. ನೀನು ಮಲಗಿರುವುದರಿಂದ ಎಬ್ಬಿಸದೆ, ಇದನ್ನು ಬರೆದಿಟ್ಟು ತ್ಯಾವಣಿಗೆ ಊರಿಗೆ ಹೊರಟಿದ್ದೇನೆ.

ವೈರಸ್ ಬಂದಿದೆಯೆಂದು ಹೇಳಿ ಪರದೆಯ ಮೇಲೆ ಕಾಣಿಸಿದ ನಂಬರಿಗೆ ಫೋನ್ ಮಾಡಬೇಡ. ಅದು ಮೋಸಗಾರರದು. ಆ ಪುಟವನ್ನು ಮುಚ್ಚಿಬಿಡು. ಯಾರು ಕೇಳಿದರೂ ಓಟಿಪಿ ಹೇಳಕೂಡದು.

ಯಂತ್ರ ಆರುತ್ತಿದ್ದುದು ವೈರಸ್‌ನಿಂದಲ್ಲ, ಬಿಸಿಯಿಂದ. ನಿನ್ನೆ ನೀನು ಹೊರಗೆ ಹೋಗಿದ್ದಾಗ ರಿಪೇರಿಯ ಸೈಫುಲ್ಲಾ ಬಂದು, ಮೇಜಿನ ಕೆಳಗಿನ ಸಿಪಿಯುವನ್ನು ಬಗ್ಗಿ ನೋಡಿ ನಕ್ಕ.

“ಚಾಚಾ, ಇಂಥಾ ಸೆಕೆಯಾಗೆ ಇದಕ್ಕೆ ಶಾಲು ಹೊದಿಸೀರಲ್ರೀ! ಪಾಪ, ಉಸಿರಾಡೋದು ಹೆಂಗೆ?”

ಅವನು ಫ್ಯಾನಿನ ಧೂಳು ತೆಗೆದು ಹೋದ.

ಅವನು ಶಾಲೆಂದದ್ದು ನಿನ್ನ ದಾದಿ ಮೊಮ್ಮಗಳ ಕಂಪ್ಯೂಟರಿಗೆಂದು ಹೊಲಿದ ಹೊದಿಕೆ. ಧೂಳು ಕೂರದಿರಲೆಂದು ರಾತ್ರಿ ಹೊದಿಸಿ, ಬೆಳಿಗ್ಗೆ ನೀನು ಬಂದು ಕೂರುವ ಮುನ್ನ ತೆಗೆದು ಮಡಚಿಡುತ್ತಿದ್ದಳು. ಅವಳು ದಿನವೂ ತೆಗೆಯುತ್ತಿದ್ದುದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಅವಳು ಕೊನೆಯ ಸಲ ಹೊದಿಸಿದ್ದು ಹಾಗೆಯೇ ಉಳಿಯಿತು. ಅವಳು ತೀರಿಕೊಂಡ ಮೇಲೆ ನಾವು ಬಟ್ಟೆಯ ಮೇಲಿಂದಲೇ ಯಂತ್ರದ ಗುಂಡಿ ಒತ್ತುತ್ತಿದ್ದೆವು.

ಈಗ ತೆಗೆದು ಕುರ್ಚಿಯ ಮೇಲಿಟ್ಟಿದ್ದೇನೆ. ಒಗೆಯಬೇಡ. ಯಂತ್ರವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿದ್ದೇನೆ. ಗಾಳಿಯಾಡಬೇಕು, ಹಾಗೆಯೇ ಇರಲಿ.

ಉಪ್ಪಿಟ್ಟು ಮುಚ್ಚಿಟ್ಟಿದೆ. ತಿಂದು ಕೂರು.

ನಾಳೆಯಿಂದ ಬೆಳಿಗ್ಗೆ ಹೊದಿಕೆ ತೆಗೆಯುವುದು ನಿನ್ನ ಕೆಲಸ. ರಾತ್ರಿ ಯಂತ್ರ ತಣ್ಣಗಾದ ಮೇಲೆ ಹೊದಿಸುವುದು ನನ್ನದು.

ದಾದಾ