ಭಾರತೀಯರು ಕುರಿ ತಿನ್ನುವುದಿಲ್ಲವೆಂಬ ವರದಿಯ ಕುರಿತು

ಸಾವಯವ ಮಾಂಸ ಮಾರುಕಟ್ಟೆ ಅಭಿವೃದ್ಧಿ ಕಚೇರಿಯ ನಿರ್ದೇಶಕರಾದ ಮಾನ್ಯರೇ,

"ಸ್ಯಾನ್ ಡಿಯಾಗೋದ ಭಾರತೀಯ ಕುಟುಂಬಗಳಲ್ಲಿ ಕುರಿಮಾಂಸಕ್ಕೆ ಬೇಡಿಕೆಯಿಲ್ಲ" ಎಂದು ತಮ್ಮ ೨೦೦೬ರ ವರದಿ ಸಾರಿದೆ. ಈ ಮಹಾಸತ್ಯಕ್ಕೆ ತಾವು ಹುಡುಕಿದ ಏಕೈಕ ಸಾಕ್ಷಿ ನಾನು: ಬಾಗಲಕೋಟೆಯ ಲಿಂಗಾಯತರ ಮನೆಯವಳು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು. ಬೋಳುತಲೆಯವನನ್ನು ಕೇಳಿ ಊರಿನಲ್ಲಿ ಬಾಚಣಿಗೆಗೆ ಗಿರಾಕಿಯಿಲ್ಲವೆಂದು ಬರೆಯುವುದು ಯಾವ ಶಾಸ್ತ್ರ?

ತಮ್ಮ ಕಚೇರಿಯ ಫೋನ್ ಬಂದಾಗ ನಾನು ಕೆಲಸ ಮಾಡುವ ಸೊರೆಂಟೊ ವ್ಯಾಲಿಯ ಲ್ಯಾಬಿನಲ್ಲಿದ್ದೆ. ಡೆಲ್ ಮಾರ್‌ನಲ್ಲಿ ತಾವು ನಡೆಸುವ ಕುರಿಮಾಂಸದ ರುಚಿ ಪರೀಕ್ಷೆಗೆ ಭಾರತೀಯ ಗ್ರಾಹಕರ ಪ್ರತಿನಿಧಿಯಾಗಿ ಬರಬೇಕೆಂದರು. ಮಾಂಸ ತಿನ್ನುವುದಿಲ್ಲ ಎಂದೆ. "ಒಳ್ಳೆಯದೇ ಆಯಿತು, ಪಕ್ಷಪಾತವಿರುವುದಿಲ್ಲ" ಎಂದರು. ಸಂಜೆ ಇದನ್ನು ಕೇಳಿದ ನನ್ನ ಗಂಡ ಸಂಗಮೇಶ, "ಹಂಗಾದ್ರ ನಾಳೆ ನನ್ನನ್ನ ಹೆರಿಗಿ ಡಾಕ್ಟರ್ ಮಾಡ್ತಾರೇನು?" ಎಂದು ನಕ್ಕ.

ನಕ್ಕು ಸುಮ್ಮನಿರಬಹುದಿತ್ತು. ಆದರೆ ನನ್ನ ಗೆಳತಿ, ಮೈಸೂರಿನ ತಾಜ್ ಬೇಗಂ, ಪತಿ ಗುಲಾಮ್ ಮೊಹಿಯುದ್ದೀನರೊಡನೆ ರಮೋನಾದ ಗುಡ್ಡಗಳಲ್ಲಿ ರಾಸಾಯನಿಕ ಸೋಕದ ಹುಲ್ಲಿನ ಮೇಲೆ ಕುರಿ ಸಾಕುತ್ತಾಳೆ. ಲಾಸ್ ಏಂಜಲೀಸ್‌ನ ರಫ್ತು ಮೇಳಕ್ಕೆ ಅವರ ಮಾಂಸ ಹೋಗುವುದು ಆ ಪರೀಕ್ಷೆಯ ಮೇಲೇ ನಿಂತಿತ್ತು. "ಸಾಕಿದವರು ಒಳಗೆ ಬರೋ ಹಾಗಿಲ್ವಂತೆ. ನೀನಾದ್ರೂ ಇರು, ವೈಶಾಲಿ" ಎಂದಳು. ಹೋದೆ.

ಅಲ್ಲಿ ತಾವು ಬಡಿಸಿದ್ದು ಉಪ್ಪಿಲ್ಲದೆ ಬೇಯಿಸಿ ಹಲ್ಲುಕಡ್ಡಿಗೆ ಚುಚ್ಚಿದ ತುಂಡುಗಳನ್ನು. ತಾಜ್ ಕೊಟ್ಟ ಮಸಾಲೆಗೆ ಸಾವಯವ ಪ್ರಮಾಣಪತ್ರವಿಲ್ಲವೆಂದು ಬಾಗಿಲಲ್ಲೇ ಅದರ ಬಂಧನವಾಯಿತು. ತಾವು ಕಣ್ಣುಮುಚ್ಚಿ "ಹುಲ್ಲುಗಾವಲಿನ ಸುಗಂಧ!" ಎಂದಿರಿ. ದುಬೈನಿಂದ ಬಂದ ಖರೀದಿದಾರರು ಒಂದು ತುಂಡನ್ನು ಬಾಯಿಗಿಟ್ಟು, ಮೆಲ್ಲಗೆ ಕರವಸ್ತ್ರಕ್ಕೆ ವರ್ಗಾಯಿಸಿ, ನನ್ನನ್ನು ಕೇಳಿದರು: "ನಿಮ್ಮವರು ಇದನ್ನು ಹೀಗೇ ತಿನ್ನುತ್ತಾರಾ?"

ನಾನು ಕಿಟಕಿಯಾಚೆ ಕೈ ತೋರಿಸಿದೆ. ಪಾರ್ಕಿಂಗ್ ಲಾಟಿನಲ್ಲಿ ತಾಜ್ ವ್ಯಾನಿನ ಹಿಂಬಾಗಿಲು ತೆರೆದು, ತನ್ನದೇ ಕುರಿಯ ಬಿರಿಯಾನಿಯ ಮುಚ್ಚಳ ತೆಗೆಯುತ್ತಿದ್ದಳು.

ಆಮೇಲೆ ಸಭಾಂಗಣದಲ್ಲಿ ಯಾರು ಉಳಿದರು, ಮಾನ್ಯರೇ? ಮೊಸರುಬಜ್ಜಿ ಬಡಿಸುವ ಕೆಲಸ ನನ್ನದಾಯಿತು. ತಾವು ಎರಡನೇ ಸಲ ತಟ್ಟೆ ಚಾಚಿದ್ದನ್ನು ಕಣ್ಣಾರೆ ಕಂಡೆ. ಆದರೆ ವರದಿಯಲ್ಲಿ ತಮ್ಮ ತಟ್ಟೆಗೆ ಜಾಗ ಸಿಗಲಿಲ್ಲ. ಒಳಗೆ ನಾನು ಮುಟ್ಟದೆ ಬಿಟ್ಟ ತಟ್ಟೆಗೆ ಸಿಕ್ಕಿತು. ಅದರ ಆಧಾರದ ಮೇಲೆ ತಾಜ್ ದಂಪತಿಯನ್ನು ಮೇಳದಿಂದ ಕೈಬಿಟ್ಟಿರಿ.

ಸುದ್ದಿ ಕೇಳಿದ ಗುಲಾಮ್ ಭಾಯಿ ಕುರಿಗಳಿಗೆ ನೀರು ಬಿಡಲು ಹೋದರು. ನನಗೆ ತಲೆಯೆತ್ತಲಾಗಲಿಲ್ಲ. ತಾಜ್ ಮಾತ್ರ, "ನೀನು ತಿನ್ನಲ್ಲ ಅಂತ ನಂಗೆ ಗೊತ್ತಿಲ್ವಾ? ಆ ಸಾಹೇಬ್ರು ತಿಂದಿದ್ದೂ ಗೊತ್ತು ಬಿಡು" ಎಂದಳು.

ಆದ್ದರಿಂದ ಆ ವಾಕ್ಯವನ್ನು ಹಿಂತೆಗೆದುಕೊಳ್ಳಿ. ಮೇಳದಲ್ಲಿ ಅವರಿಗೊಂದು ಮಳಿಗೆ ಕೊಡಿ. ಮುಂದಿನ ಸಮಿತಿಯಲ್ಲಿ ದಯವಿಟ್ಟು ತಿನ್ನುವವರನ್ನೇ ಕೂರಿಸಿ. ಬೇಗ ಮಾಡಿ, ದುಬೈನವರು ತಾಜ್‌ಗೆ ಆಗಲೇ ಫೋನ್ ಮಾಡಿದ್ದಾರೆ. ರಫ್ತು ಅಭಿವೃದ್ಧಿಯು ತಮ್ಮನ್ನು ಬಿಟ್ಟೇ ಅಭಿವೃದ್ಧಿಯಾಗಿಬಿಡುವ ಭಯವಿದೆ.

ಇನ್ನೊಂದು ಮಾತು. ಅಂದು ತಾವು ಮನೆಯವರಿಗೆಂದು ಬಿರಿಯಾನಿ ತುಂಬಿಸಿಕೊಂಡು ಹೋದ ಸ್ಟೀಲ್ ಡಬ್ಬಿ ಇನ್ನೂ ಹಿಂದಿರುಗಿಲ್ಲ. ತಾಜ್ ಬೇಗಂ ವರದಿಯನ್ನು ಮರೆತಾಳು, ಡಬ್ಬಿಯನ್ನು ಮರೆಯುವವಳಲ್ಲ.

ಇಂತಿ,
ಮಾಂಸ ಮುಟ್ಟದೆಯೇ ತಮ್ಮಿಂದ ಮಾಂಸತಜ್ಞೆಯಾದ
ವೈಶಾಲಿ