ನಾಲ್ಕನೇ ಸಿಲಿಂಡರಿನ ಪಕ್ಕದ ಎರಡು ತೂತು

ಪ್ರೀತಿಯ ಬೀರೇಶನಿಗೆ,

ದೊಡ್ಡಬಳ್ಳಾಪುರದಿಂದ ವೇಣುಗೋಪಾಲ ಬರೆಯುವುದು. ಮೊದಲು ನಿನ್ನ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊ. ಇದೆ ತಾನೆ? ಹಾಗಾದರೆ ಗೋಡೆಗೆ ಒರಗಿ ಕೂತು ನಿಧಾನವಾಗಿ ಓದು. ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧಕ್ಕೇ ಕಟ್ ಮಾಡುತ್ತಿದ್ದೆ, ಅದಕ್ಕೇ ಕಾಗದ.

ಕುಂದಾಣದ ಜ್ಯೋತಿಲಕ್ಷ್ಮಕ್ಕನ ಗಾಡಿ ಓಡಿತು. ನೀನು ಓಡುವುದಿಲ್ಲ ಎಂದ ಅದೇ ಹೆಡ್ಡಿನಲ್ಲಿ ಓಡಿತು. ಘಾಟಿಯ ಏರು ಹತ್ತಿ, ಇಳಿದು, ಮನೆಗೂ ಹೋಯಿತು.

ನಾವು ಜಗಳವಾಡಿದ ದಿನವನ್ನು ನೀನು ಮರೆತಿರಲಾರೆ. ಟರ್ಬೊ ಇಲ್ಲದ ಆ ಹಳೆಯ ಡೀಸೆಲ್ ಇಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತ್ತು. ಇಂಜಿನ್ನಿಗೆ ಮುಚ್ಚಳದಂತೆ ಕೂರುವ ಆ ಭಾಗ ಹೊಸದು ಎಲ್ಲಿಯೂ ಸಿಗಲಿಲ್ಲ. ಗುಜರಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದೇ ಕಂಪನಿಯ ಟರ್ಬೊ ಗಾಡಿಯ ಹೆಡ್ಡು. ತಂದು ಇಟ್ಟು ನೋಡಿದರೆ ಬೋಲ್ಟಿನ ತೂತುಗಳೆಲ್ಲ ಸರಿಯಾಗಿ ಕೂತವು. "ಅಣ್ಣ ತಮ್ಮ ಕಣೋ ಇವು" ಎಂದೆ. ನೀನು ಸ್ಪಾನರ್ ಕೆಳಗಿಟ್ಟೆ.

"ಅಣ್ಣನ್ ಟೋಪಿ ತಮ್ಮನ್ ತಲೆಗೆ ಹಾಕಿದ್ರೆ ಕಣ್ಣು ಮುಚ್ಕೊತದೆ ಕಣ್ಲಾ. ಇದು ಓಡಿದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ನಿಮ್ಮೂರ್ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊತೀನಿ."

ಅಷ್ಟಕ್ಕೇ ನಕ್ಕು ಬಿಡಬಹುದಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನಿಂಗೆ ಬಿಚ್ಚೋಕ್ ಬರ್ತದೆ, ಜೋಡ್ಸೋ ಎದೆ ಇಲ್ಲ" ಎಂದುಬಿಟ್ಟೆ. ಹನ್ನೊಂದು ವರ್ಷ ಒಂದೇ ಜಾಕಿನ ಕೆಳಗೆ ಮಲಗಿ ಕೆಲಸ ಮಾಡಿದವನು ನೀನು. ಮಾರನೆಯ ದಿನ ನೀನು ಟೂಲ್ ಬಾಕ್ಸ್ ಎತ್ತಿಕೊಂಡು ಜಡಿಗೇನಹಳ್ಳಿಯ ಬಸ್ಸು ಹತ್ತಿದೆ.

ಆಮೇಲೆ ಜ್ಯೋತಿಲಕ್ಷ್ಮಕ್ಕ ಬಂದು ಬಾಗಿಲಲ್ಲಿ ನಿಂತರು. "ನೋಡಪ್ಪ ವೇಣು, ಭಾನುವಾರ ಘಾಟಿ ಹತ್ತಿಸಿ ತೋರ್ಸು. ಹತ್ತಿದ್ರೆ ತಗೊಂಡ್ಹೋಗ್ತೀನಿ. ಇಲ್ದಿದ್ರೆ ಸೋಮವಾರ ಗುಜರಿಯೋರಿಗೆ ಹೇಳಿವ್ನಿ." ಹಾಗೆಂದು ಹೊರಟವರು ತಿರುಗಿ ಬಂದು ಸ್ಟೇರಿಂಗನ್ನು ಸೆರಗಿನಿಂದ ಒರೆಸಿ ಹೋದರು. ಅವರು ಡ್ರೈವಿಂಗ್ ಕಲಿತ ಗಾಡಿ ಅದು. ಅವರ ತೋಟದ ಗುಲಾಬಿಯೆಲ್ಲ ಅದರಲ್ಲೇ ಮಾರುಕಟ್ಟೆಗೆ ಹೋಗುತ್ತಿತ್ತು.

ಗುರುವಾರ ಹೆಡ್ಡು ಕೂರಿಸಿ ಓಡಿಸಿದೆ. ಮೂರು ಕಿಲೋಮೀಟರು ರಾಜನ ಹಾಗೆ ಹೋಯಿತು. ರೈಲ್ವೆ ಗೇಟಿನ ಹತ್ತಿರ ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರಿತು. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಹಿಂದೆ ನಿಂತಿದ್ದ ಆಟೊದವನು "ಗುರು, ಇನ್ನೊಂದ್ ಐದ್ ನಿಮ್ಷ ಬೇಯ್ಲಿ" ಎಂದ. ಬೀರೇಶ ಹೇಳಿದ್ದೇ ಸರಿ ಎಂದು ಅಲ್ಲೇ ಒಪ್ಪಿಕೊಂಡೆ. ಕೇಳಿಸಿಕೊಳ್ಳಲು ನೀನಿರಲಿಲ್ಲ.

ಮತ್ತೆ ಬಿಚ್ಚಿದೆ. ಪಂಪು ಸರಿಯಿತ್ತು, ರೇಡಿಯೇಟರ್ ಸರಿಯಿತ್ತು, ಹೆಡ್ಡೂ ಸರಿಯಿತ್ತು. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಹಾಕುವ ಗ್ಯಾಸ್ಕೆಟ್ ಹಾಳೆಯನ್ನು ಒರೆಸಿ ಮೊಳೆಗೆ ನೇತುಹಾಕಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಟರ್ಬೊ ಇಂಜಿನ್ನಿನದನ್ನೂ ಕೊಟ್ಟಿದ್ದ, ಬೇಡವಾದದ್ದನ್ನು ವಾಪಸು ತಾ ಎಂದು. ಅದೂ ಪಕ್ಕದಲ್ಲೇ ನೇತಾಡುತ್ತಿತ್ತು.

ಆ ಹೊತ್ತಿಗೆ ಮುನಿರತ್ನಮ್ಮ ದೊಡ್ಡಮ್ಮ ಊಟ ತಂದರು. ನಿನಗೆ ಗೊತ್ತಲ್ಲ, ಮೂವತ್ತು ವರ್ಷ ನಮ್ಮ ಬೀದಿಯ ಮಗ್ಗಗಳಿಗೆ ಡಿಸೈನ್ ಕಾರ್ಡಿನಲ್ಲಿ ತೂತು ಹೊಡೆದ ಕೈ ಅದು. ಒಂದು ತೂತು ತಪ್ಪಿದರೆ ಸೀರೆಯ ಗಿಳಿಗೆ ಕೊಕ್ಕೇ ಇರುವುದಿಲ್ಲ. ಕಾರ್ಡು ತಾಳೆ ನೋಡುವ ಅಭ್ಯಾಸದಂತೆ ಅವರು ಎರಡೂ ಹಾಳೆ ತೆಗೆದು, ಒಂದರ ಮೇಲೊಂದು ಇಟ್ಟು, ಬಿಸಿಲಿಗೆ ಹಿಡಿದರು.

"ಇದ್ಯಾವ ಸೆರಗಿಂದೋ?"

"ಸೆರಗಲ್ಲ ದೊಡ್ಡಮ್ಮ, ಇಂಜಿನ್ನಿಂದು."

"ಯಾವ್ದಾದ್ರೂ ಆಗ್ಲಿ. ಇದ್ರಲ್ಲಿ ಎರಡು ತೂತು ಹೊಡ್ಯೋದೇ ಮರ್ತವ್ರೆ. ಇಲ್ನೋಡು, ಮೂಲೇಲಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಟರ್ಬೊ ಹೆಡ್ಡು ನಾಲ್ಕನೇ ಸಿಲಿಂಡರಿನ ಪಕ್ಕದ ಆ ಎರಡು ತೂತಿನಿಂದ ತಣ್ಣಗಾಗಲು ನೀರು ಕುಡಿಯುತ್ತದೆ. ಬ್ಲಾಕಿನಲ್ಲಿ ದಾರಿ ತೆರೆದೇ ಇತ್ತು. ಇಂಜಿನ್ ಹಳೆಯದು, ಗ್ಯಾಸ್ಕೆಟ್ಟೂ ಅದರದ್ದೇ ಇರಲಿ ಎಂದು ತೂತಿಲ್ಲದ ಹಾಳೆ ಹಾಕಿ ನಾನೇ ಆ ದಾರಿಗೆ ಬಾಗಿಲು ಹಾಕಿದ್ದೆ. ಬೋಲ್ಟು ಎಣಿಸಿದವನು ನೀರಿನ ತೂತು ಎಣಿಸಲಿಲ್ಲ.

ಟರ್ಬೊ ಗ್ಯಾಸ್ಕೆಟ್ ಹಾಕಿ ಜೋಡಿಸಿದೆ. ಭಾನುವಾರ ಜ್ಯೋತಿಲಕ್ಷ್ಮಕ್ಕ ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ. "ತೂತು ಕಂಡೋಳು ನಾನು, ನನ್ ಬಿಟ್ಟು ಹೋಗ್ತೀರಾ?" ಎಂದು ದೊಡ್ಡಮ್ಮ ಹಿಂದಿನ ಸೀಟಿನಲ್ಲಿ. ಏರು ಶುರುವಾಯಿತು. ಎರಡನೇ ಗೇರು. ನಾನು ರಸ್ತೆ ನೋಡಲಿಲ್ಲ, ದೇವರನ್ನೂ ಕರೆಯಲಿಲ್ಲ, ಆ ಮುಳ್ಳನ್ನೇ ನೋಡುತ್ತಿದ್ದೆ. ಅರ್ಧಕ್ಕೆ ಬಂತು. ಅಲ್ಲೇ ನಿಂತಿತು. ಮೇಲೆ ತಲುಪುವವರೆಗೂ ಅಲ್ಲೇ ನಿಂತಿತ್ತು. ಅಕ್ಕ ಹಾರ್ನ್ ಒತ್ತಿ ಹಿಡಿದರು ನೋಡು, ಕೋತಿಗಳೆಲ್ಲ ಮರ ಬಿಟ್ಟು ಓಡಿದವು. ಗುಜರಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ ಬರಬೇಡ ಎಂದರು.

ಗೆದ್ದೆ ಕಣೋ. ಆದರೆ ಟೋಪಿ ಮೊದಲು ಕಣ್ಣು ಮುಚ್ಚಿದ್ದೂ ನಿಜ. ಹಾಗಾಗಿ ನಿನ್ನ ಮೀಸೆ ಮಾಫಿ. ಎದೆಯಿಲ್ಲ ಎಂದ ನನ್ನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ನೀನಿದ್ದಿದ್ದರೆ ಗುರುವಾರವೇ ಆ ತೂತು ಹುಡುಕುತ್ತಿದ್ದೆ. ಈಗ ಗಾಡಿ ನಿಂತಲ್ಲೇ ಐಡ್ಲಿಂಗಿನಲ್ಲಿ ಸಣ್ಣದೊಂದು ಟಿಕ್ ಸದ್ದು ಬರುತ್ತಿದೆ. ಸ್ಕ್ರೂಡ್ರೈವರ್ ಕಿವಿಗಿಟ್ಟು ಎಷ್ಟು ಕೇಳಿದರೂ ವಾಲ್ವೋ ಇಂಜೆಕ್ಟರೋ ತಿಳಿಯಲಿಲ್ಲ. ಅದಕ್ಕೆ ನಿನ್ನ ಕಿವಿಯೇ ಬೇಕು. ಬರುವ ಸೋಮವಾರ ಅಕ್ಕ ಗಾಡಿ ತರುತ್ತಾರೆ. ಬೋರ್ಡಿನಲ್ಲಿ ನಿನ್ನ ಹೆಸರು ಮೊದಲಿದ್ದಲ್ಲೇ ಇದೆ.

ಮೀಸೆ ಪೂರ್ತಿ ಇಟ್ಟುಕೊಂಡು, ಟೂಲ್ ಬಾಕ್ಸ್ ಹೊತ್ತುಕೊಂಡು ಬಾ. ನಿನ್ನ ಕಿವಿ ನೂರು ವರ್ಷ ಚುರುಕಾಗಿರಲಿ.

ನಿನ್ನ ಜಾಕಿನ ಜೊತೆಗಾರ,
ವೇಣು